ನೀಲತ್ತೆ ಮರುಭೂಮಿಯಲ್ಲಿ ಕಟ್ಟಿದ ಮನೆಗಳು

ಯಾರ ಮನೆಗೆ ಹೋದರೂ ನೀಲತ್ತೆ ಮೊದಲು ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದು, ಕತ್ತು ವಾಲಿಸಿ ಸದ್ದು ಕೇಳುತ್ತಿದ್ದರು, ಸಂತೆಯಲ್ಲಿ ತೆಂಗಿನಕಾಯಿ ಬಡಿದು ನೋಡುವವರ ಹಾಗೆ. ನನ್ನ ಅಕ್ಕನಿಗೆ ಗಂಡು ನೋಡಲು ಕೆ.ಆರ್. ನಗರಕ್ಕೆ ಹೋದಾಗಲೂ ಬಿಡಲಿಲ್ಲ. ಗಂಡಿನ ತಾಯಿ ಉಪ್ಪಿಟ್ಟು ತಂದಿಡುವ ಹೊತ್ತಿಗೆ ಇವರು ಹಿತ್ತಲ ಗೋಡೆಯ ಹತ್ತಿರ ನಿಂತಿದ್ದರು. “ಉಡುಗ ಪರ್ವಾಗಿಲ್ಲ ಕಣ್ರವ್ವ. ಈ ಗೋಡೆ ಮಾತ್ರ ನೀರು ಕುಡೀತದೆ” ಎಂದು ಅಲ್ಲಿಂದಲೇ ಕೂಗಿದರು. ಸಂಬಂಧ ಹೇಗೋ ಕುದುರಿತು. ಮರುವರ್ಷ ಆ ಗೋಡೆಯ ಗಾರೆ ಉದುರಿತು.

ಅವರು ನನ್ನ ತಂದೆಯ ತಂಗಿ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಹುಣಸೂರಿನಲ್ಲಿ ರವಿಕೆ ಹೊಲಿದು ಬದುಕಿದವರು. ಒಂದು ಬಾಡಿಗೆ ಮನೆಯಲ್ಲಿ ನೆಲೆ ನಿಂತರು ಎನ್ನುವಷ್ಟರಲ್ಲಿ ಓನರ್ ಮಗನಿಗೆ ಮದುವೆಯಾಗುತ್ತಿತ್ತು, ಇಲ್ಲವೇ ಹೊಗೆಸೊಪ್ಪಿನ ಮೂಟೆ ಪೇರಿಸಲು ಅದೇ ಕೋಣೆ ಬೇಕಾಗುತ್ತಿತ್ತು. ಅತ್ತೆ ಜಗಳವಾಡದೆ ಹೊಲಿಗೆ ಮಷೀನನ್ನು ಆಟೋಗೆ ಹೇರಿಸಿ ಹೊರಡುತ್ತಿದ್ದರು. “ನಾನು ಬಸವನಹುಳ ಕಣವ್ವ. ಆದ್ರೆ ಅದ್ಕೆ ಚಿಪ್ಪಾದ್ರೂ ಸ್ವಂತದ್ದು” ಎನ್ನುತ್ತಿದ್ದರು.

ಸ್ವಂತ ಮನೆಯೊಂದೇ ಅವರ ಆಸೆ. ನಮ್ಮ ಕಡೆ ಬೆಟ್ಟದ ದೇವರಿಗೆ ಹೋದವರು ದಾರಿ ಬದಿಯಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ಆಟದ ಮನೆಯಂಥದ್ದನ್ನು ಕಟ್ಟುತ್ತಾರೆ. ಹಾಗೆ ಕಟ್ಟಿ ಬೇಡಿಕೊಂಡರೆ ನಿಜವಾದ ಮನೆಯಾಗುತ್ತದೆಂದು ನಂಬಿಕೆ. ಬೆಟ್ಟದಪುರದ ಬೆಟ್ಟದಲ್ಲಿ ಅತ್ತೆ ಒಂದು ಬಡಾವಣೆಯನ್ನೇ ಎಬ್ಬಿಸಿರಬೇಕು.

ಒಣಭೂಮಿಯ ಬೇಸಾಯದ ಬಗ್ಗೆ ಸಂಶೋಧನೆ ಮಾಡಲು ನಾನು ಇಸ್ರೇಲಿಗೆ ಹೋಗಿದ್ದೆ. ಎರಡನೆಯ ವರ್ಷ, ಚಳಿಗಾಲದಲ್ಲಿ ಅತ್ತೆಯನ್ನು ಕರೆಸಿಕೊಂಡೆ. ಒಂದು ರಜಾದಿನ ದಕ್ಷಿಣದ ಮರುಭೂಮಿಯಲ್ಲಿರುವ ಉದ್ಯಾನಕ್ಕೆ ಕರೆದುಕೊಂಡು ಹೋದೆ. ಸಾವಿರಾರು ವರ್ಷ ಹಿಂದಿನ ತಾಮ್ರದ ಗಣಿಗಳು, ಗಾಳಿ ಕೊರೆದ ಕೆಂಪು ಬಂಡೆಗಳು ಇರುವ ಜಾಗ. ಉದ್ಯಾನವೆಂದ ಮೇಲೆ ಹೂವಿರಬೇಕೆಂದು ಅತ್ತೆ ಬಹಳ ಹೊತ್ತು ಹುಡುಕಿದರು. ಆಮೇಲೆ ಬಂಡೆಗಳನ್ನು ಬಡಿಯತೊಡಗಿದರು.

ಅಣಬೆಯಾಕಾರದ ಬಂಡೆಯ ಮುಂದೆ ನಿಂತು, “ತಳಪಾಯ ಸಣ್ಣದು, ತಾರಸಿ ದೊಡ್ಡದು. ನಮ್ ಹುಣ್ಸೂರ್ ಕಲ್ಕುಣಿಕೇಲಿ ಇಂಥ ಮನೇಲೇ ಇದ್ದೆ” ಎಂದರು. ಗಣಿಯ ಸುರಂಗದಲ್ಲಿ ಬಗ್ಗಿ ಹೋಗಿ ಬಂದು, “ಗಾಳಿ ಬೆಳಕಿಲ್ಲ. ಆದ್ರೆ ಸೋರಲ್ಲ” ಎಂದು ತೀರ್ಪು ಕೊಟ್ಟರು.

ನಾನು ಫಲಕಗಳನ್ನು ಓದುತ್ತಾ ಹಿಂದುಳಿದೆ. ಬಂದು ನೋಡಿದರೆ, ಕಾಲುದಾರಿ ಬಿಟ್ಟು ಬಂಡೆಯೊಂದರ ಹಿಂದಿನವರೆಗೆ ಸಾಲಾಗಿ ಪುಟ್ಟ ಪುಟ್ಟ ಕಲ್ಲುಮನೆಗಳು. ಆ ಸಾಲಿನ ಕೊನೆಯಲ್ಲಿ, ನೆರಳಲ್ಲಿ ಅತ್ತೆ ಬುತ್ತಿ ಬಿಚ್ಚುತ್ತಿದ್ದರು.

“ಅತ್ತೆ, ಇಲ್ಲಿ ದೇವಸ್ಥಾನ ಇಲ್ಲ.”

“ಇಂಥಾ ಬೆಟ್ಟ ಮಾಡ್ದೋನು ಇಲ್ದೆ ಇದ್ದಾನಾ? ಮೊದ್ಲು ನಂಗೊಂದು ಕಟ್ದೆ. ಆಮೇಕೆ ನಿಂಗೆ. ಕಲ್ಲು ಪುಕ್ಸಟ್ಟೆ ಬಿದ್ದಿದ್ವಲ್ಲ, ನಮ್ ವಠಾರದೋರ್ಗೆಲ್ಲ ಒಂದೊಂದು ಕಟ್ಬುಟ್ಟೆ.”

ಆ ಮರುಭೂಮಿಯಲ್ಲಿ ದಾರಿ ತೋರಿಸಲು ಕಲ್ಲು ಪೇರಿಸಿಡುವ ರೂಢಿಯಿದೆ ಎಂದು ನಾನು ಹೇಳುತ್ತಿರುವಾಗಲೇ, ಟೋಪಿ ಹಾಕಿದ ವಯಸ್ಸಾದವರ ತಂಡವೊಂದು ಅತ್ತೆಯ ಮನೆಗಳನ್ನು ಅನುಸರಿಸಿ ಒಬ್ಬರ ಹಿಂದೊಬ್ಬರು ಬಂಡೆಯ ಹಿಂದೆ ಬಂದುಬಿಟ್ಟಿತು. ಅವರು ಹೊರಟಿದ್ದು ಪುರಾತನ ಶಿಲಾಚಿತ್ರ ನೋಡಲು. ಸಿಕ್ಕಿದ್ದು ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ನೀಲತ್ತೆ.

“ಬನ್ನಿ, ಬನ್ನಿ. ಕುಂತ್ಕಳಿ” ಎಂದರು ಅತ್ತೆ. ಅವರು ಕೂತರು. ಒಬ್ಬರು ರೊಟ್ಟಿ ಮುಗಿಸಿ, ಹಳೆಯ ಕಾಲದ ಗಣಿ ಕೆಲಸಗಾರರ ಊಟ ಇದೇನಾ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಅಲ್ಲವೆಂದೆ. ಅತ್ತೆಗೆ ಇದನ್ನು ತಿಳಿಸಿದಾಗ ಬೇಜಾರಾಯಿತು. “ಹೂಂ ಅನ್ನಬಾರ್ದಾಗಿತ್ತಾ? ಇನ್ನೊಂದು ರೊಟ್ಟಿ ತಿನ್ನೋರು.”

ಅಷ್ಟರಲ್ಲಿ ಸಮವಸ್ತ್ರದ ಕಾವಲುಗಾರನೊಬ್ಬ ಬಂದ. ಅತ್ತೆ ತಟ್ಟನೆ ಎದ್ದು ಸೆರಗು ಹೊದ್ದುಕೊಂಡರು.

“ಓನರ್ ಬಂದ್ರು” ಎಂದು ಪಿಸುಗುಟ್ಟಿದರು.

ಅವನು ಸಭ್ಯ. ಈ ಕಲ್ಲುಗಳನ್ನು ನಂಬಿ ನೀರಿಲ್ಲದವರು ದಾರಿ ತಪ್ಪಿದರೆ ಜೀವಕ್ಕೇ ಅಪಾಯ, ಎಲ್ಲವನ್ನೂ ಕೆಡವಬೇಕು ಎಂದ. ನಾನು ಕನ್ನಡದಲ್ಲಿ ಹೇಳಿದೆ. ಅತ್ತೆಗೆ ಅದು ಹೊಸ ಮಾತೇನಲ್ಲ. ತಮ್ಮದನ್ನೇ ಮೊದಲು ಬಿಚ್ಚಿ, ಒಂದೊಂದು ಕಲ್ಲನ್ನೂ ಎತ್ತಿಕೊಂಡ ಜಾಗದಲ್ಲೇ ಇಟ್ಟರು. ವಠಾರದವರದ್ದೂ ಹೋಯಿತು. ನನಗೆಂದು ಕಟ್ಟಿದ ಕೊನೆಯದರ ಮುಂದೆ ಮಾತ್ರ ಕೈ ಅಡ್ಡ ಹಿಡಿದು ನಿಂತರು.

“ಇದು ನಮ್ ಉಡುಗೀದು. ಇದೊಂದ್ನ ಬುಟ್ಬುಡಿ ಅಂತ ಕೇಳವ್ವ.”

ಕಾವಲುಗಾರ ಒಮ್ಮೆ ಅವರನ್ನೂ ಒಮ್ಮೆ ನನ್ನನ್ನೂ ನೋಡಿದ. ಕಡೆಗೆ ವಾಹನ ನಿಲ್ಲಿಸುವ ಜಾಗದ ಮೂಲೆ ತೋರಿಸಿ, ಅಲ್ಲಾದರೆ ಒಂದು ಇರಲಿ ಎಂದ. ಅತ್ತೆ ಅಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಪೂರ್ವಕ್ಕೆ ಬಾಗಿಲಿಟ್ಟು, ಮತ್ತೆ ಕಟ್ಟಿದರು.

“ನಿಮ್ಮದು ಅಂತಲೇ ಕಟ್ಟಬಹುದಿತ್ತಲ್ಲ ಅತ್ತೆ” ಎಂದೆ, ಹಿಂತಿರುಗುವಾಗ.

“ನನ್ನ ಇಲ್ಲೂ ಖಾಲಿ ಮಾಡ್ಸುದ್ರಲ್ಲ, ಬುಡು” ಎಂದು ನಕ್ಕರು.

ಓದು ಮುಗಿಸಿ ಬಂದ ಮೇಲೆ ನನಗೆ ಮೈಸೂರಿನಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷಗಳಲ್ಲಿ ಹುಣಸೂರಿನ ಹೊರವಲಯದಲ್ಲಿ ಸಣ್ಣ ಮನೆ ಕಟ್ಟಿಸಿ ಅತ್ತೆಯನ್ನು ಅಲ್ಲಿರಿಸಿದೆ. ವಾರಕ್ಕೊಮ್ಮೆ ಹೋಗುತ್ತಿದ್ದೆ. ಆ ಮನೆ ತಮ್ಮದೆಂಬುದು ಅವರಿಗೆ ಒಗ್ಗಲೇ ಇಲ್ಲ. ಕರಿಬೇವಿನ ಗಿಡ ನೆಡಲೂ ಫೋನು ಮಾಡಿ, “ಓನರಮ್ಮ, ನೆಡಬೌದಾ?” ಎಂದು ಕೇಳುತ್ತಿದ್ದರು. ತಮಾಷೆಯೋ ನಿಜವೋ, ನಾನು ಕೇಳಲಿಲ್ಲ.

ಹೋದ ವರ್ಷ ನಿದ್ದೆಯಲ್ಲೇ ತೀರಿಕೊಂಡರು. ಅದಕ್ಕೆ ಕೆಲವೇ ದಿನ ಮುಂಚೆ, ಒಂದು ಸೋಮವಾರ ಬೆಳಿಗ್ಗೆ, ನಾನು ಬ್ಯಾಗು ಹಿಡಿದು ಮೈಸೂರಿಗೆ ಹೊರಟಿದ್ದೆ. ಪಕ್ಕದ ಸೈಟಿಗೆ ಬಂದ ಟ್ರ್ಯಾಕ್ಟರು ಒಂದು ಲೋಡು ಜಲ್ಲಿಯನ್ನು ನಮ್ಮ ಗೇಟಿಗೆ ಅಡ್ಡಲಾಗಿ ಸುರಿಯಿತು. ಬಾಡಿಗೆಗಿರುವವರು ಬೀದಿಯಲ್ಲಿ ಗಂಟಲೆತ್ತಬಾರದೆಂದು ಜೀವನವಿಡೀ ನಡೆದುಕೊಂಡ ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೀದಿಗಿಳಿದರು.

“ಯಾರ್ನ ಕೇಳಿ ಸುರುದ್ಯೋ?”

“ನಿಮ್ಗ್ಯಾಕಜ್ಜಿ? ಓನರ್ನ ಕರೀರಿ, ಮಾತಾಡ್ತೀನಿ” ಎಂದ ಡ್ರೈವರು.

ನಾನು ಬಾಗಿಲಲ್ಲೇ ನಿಂತಿದ್ದೆ. ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

“ನಾನೇ ಕಣ್ಲಾ ಓನರು! ತುಂಬ್ಕಳ್ಲಾ ವಾಪಸ್ಸು!”

ಬಸ್ಸಿಗೆ ಹೊತ್ತಾಗಿತ್ತು. ಜಲ್ಲಿ ರಾಶಿಯನ್ನು ಹುಷಾರಾಗಿ ದಾಟಿ ಹೊರಟೆ. ರಸ್ತೆಯ ತಿರುವಿನವರೆಗೂ ಅವರ ಬೈಗುಳ ಕೇಳುತ್ತಿತ್ತು.