ಎಂಟು ದಿನದ ನೆಂಟ

ಕುಮಾಸಿ ಪಟ್ಟಣದ ಆಚೆಯ ಹಳ್ಳಿಯಲ್ಲಿ ಸೂಲಗಿತ್ತಿ ಆಫ್ರಾಕೋಮಾಳಿಗೆ ಪ್ರತಿ ಹಸುಗೂಸೂ ಎಂಟು ದಿನ ಬರೀ ನೆಂಟ. ಹೆಸರು ಕೇಳುವ ಅಪ್ಪಂದಿರಿಗೆ, "ನೆಂಟ ಉಳೀತಾನೋ ಹೊರಡ್ತಾನೋ ನೋಡಪ್ಪ, ಆಮೇಲೆ ಕರೆಯುವಿಯಂತೆ," ಎನ್ನುವಳು. ಎಂಟನೆಯ ಬೆಳಗ್ಗೆ ಕೂಸಿನ ನಾಲಗೆಗೆ ಹನಿ ನೀರು, ಹನಿ ಹೆಂಡ ಮುಟ್ಟಿಸಿ, "ನೀರನ್ನ ನೀರು ಅನ್ಬೇಕು, ಹೆಂಡಾನ ಹೆಂಡ ಅನ್ಬೇಕು, ತಿಳೀತಾ?" ಎಂದು ಗದರಿಸಿ ಹೆಸರಿಡುವಳು, ಭಾನುವಾರ ಅದೇ ಹೆಸರಲ್ಲಿ ಪಾದ್ರಿಯಿಂದ ದೀಕ್ಷಾಸ್ನಾನ ಮಾಡಿಸುವಳು. ಎಂಟು ದಿನ ತುಂಬದೆ ಹೋದವಕ್ಕೆ ಹೆಸರೂ ಇಲ್ಲ, ಅಳುವೂ ಇಲ್ಲ ಎಂಬ ಕಟ್ಟಳೆಯನ್ನು ಅವಳು ಎಂದೂ ಮುರಿದವಳಲ್ಲ. ಅದೇ ಹಳ್ಳಿಯ ದುಫಿಯೆ ಎಂಬವಳ ಕೂಸು ಮೂರನೆಯ ದಿನವೇ ನೀಲಿಗಟ್ಟಿತು; ಪಾದ್ರಿ ಊರಲ್ಲಿರಲಿಲ್ಲ. "ಅಜ್ಜಿ, ಹೆಸರಿಲ್ದೆ ಕಳಿಸ್ಬೇಡ," ಎಂದಳು ಬಾಣಂತಿ. ಆಫ್ರಾಕೋಮಾ ಕೂಸಿನ ಹಣೆಗೆ ತಾನೇ ನೀರೆರೆದು ಹೆಸರಿಟ್ಟಳು. ಬಳಿಕ, ತಾನು ಅಳದೆ ಮಣ್ಣುಮಾಡಿದ್ದ ತನ್ನವೇ ಎರಡು ಕೂಸುಗಳಿಗೆ ಮನಸ್ಸಲ್ಲೇ ಇಟ್ಟಿದ್ದ ಹೆಸರುಗಳನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದಳು.