ಮುಗಿಯದ ದುಡ್ಡು, ಬಾಗದ ಬೆರಳು

ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ನನ್ನ ಬಲಗೈ ಹೆಬ್ಬೆರಳು ಯಂತ್ರಕ್ಕೆ ಸಿಕ್ಕಿ ಮುರಿಯಿತು. ಹೇಗಾಯಿತೆಂದು ಎಲ್ಲರೂ ಕೇಳಿದರು. ನಾನು ಕಂಡದ್ದನ್ನಷ್ಟೇ ಹೇಳಬಲ್ಲೆ: ತಗಡು ಜರುಗಿತು, ಸರಿಮಾಡಲು ಕೈ ಚಾಚಿದೆ, ಆಮೇಲೆ ಸದ್ದು. ನೋವು ಬಂದದ್ದು ಸದ್ದಿನ ನಂತರ.

ಮೂಳೆ ಕೂಡಿಕೊಂಡ ಮೇಲೂ ಬೆರಳು ಬಾಗಲಿಲ್ಲ. ಆಡಿಸುತ್ತಿರಬೇಕು, ಇಲ್ಲದಿದ್ದರೆ ಹಾಗೇ ಸೆಟೆದು ನಿಲ್ಲುತ್ತದೆ ಎಂದರು ಡಾಕ್ಟರು. ಬಾಗದ ಬೆರಳಿಟ್ಟುಕೊಂಡು ಯಂತ್ರದ ಮುಂದೆ ನಿಲ್ಲುವಂತಿಲ್ಲ, ಕೆಲಸ ಹೋದ ಹಾಗೇ. ಆದರೂ ಆಡಿಸಲು ಹೆದರಿಕೆ. ಸೂಲಿಬೆಲೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದೆ.

ತಮ್ಮ ತನ್ನ ಹಳೆಯ ಫೋನಿಗೆ ಒಂದು ಆಟ ಹಾಕಿಕೊಟ್ಟ. ನಾವು ಚಿಕ್ಕವರಿದ್ದಾಗ ಟಿವಿಗೆ ಸಿಕ್ಕಿಸಿ ಆಡುತ್ತಿದ್ದಂಥ ಸಾಹಸದ ಆಟ. ಚೌಕ ಚೌಕ ಬಣ್ಣದ ಪುಟ್ಟ ಮನುಷ್ಯ ಕಾಡು ದಾಟಬೇಕು, ರಾಕ್ಷಸರೊಡನೆ ಹೊಡೆದಾಡಿ ನಾಣ್ಯ ಗಳಿಸಬೇಕು. ಎಡ ಹೆಬ್ಬೆರಳು ಅವನನ್ನು ನಡೆಸುತ್ತದೆ. ಕತ್ತಿ ಬೀಸುವುದು, ಹಾರುವುದು ಬಲ ಹೆಬ್ಬೆರಳಿನ ಕೆಲಸ.

"ಇದು ಯಾರೋ ತಿದ್ದಿರೋದು ಕಣಕ್ಕಾ. ಎಷ್ಟು ಖರ್ಚು ಮಾಡಿದ್ರೂ ದುಡ್ಡು ಮುಗಿಯಲ್ಲ," ಅಂದ. ನನಗೆ ಸುಲಭವಾಗಲಿ ಎಂದು ಅವನ ಆಸೆ.

ಸುಲಭವೇನೋ ಆಯಿತು. ಮೊದಲ ಅಂಗಡಿಯಲ್ಲೇ ಗುರಾಣಿ, ದೀಪ, ದೋಣಿ ಕೊಂಡೆ. ಅಡ್ಡ ನಿಂತ ಕಾವಲುಗಾರರಿಗೆಲ್ಲ ದುಡ್ಡು ಕೊಟ್ಟು ದಾರಿ ಬಿಡಿಸಿಕೊಂಡೆ. ಒಬ್ಬ ರಾಕ್ಷಸನನ್ನೂ ಹೊಡೆಯಲಿಲ್ಲ. ಕೊಳ್ಳಲು ಒಮ್ಮೆ ಒತ್ತಿದರೆ ಸಾಕು, ಅದಕ್ಕೂ ತೋರುಬೆರಳು ಬಳಸಿದೆ. ಬೆಚ್ಚಿಬೀಳಿಸುವಂಥದ್ದು ಅಲ್ಲಿ ಏನೂ ಬರುತ್ತಿರಲಿಲ್ಲ. ಹಿತವಾಗಿತ್ತು. ಹೆಬ್ಬೆರಳು ಮಾತ್ರ ಇದ್ದಂತೆಯೇ ಇತ್ತು.

ಒಂದು ಸಂಜೆ ಹೊಳೆ ಎದುರಾಯಿತು. ದೋಣಿ ಸಾಗದಷ್ಟು ಬಂಡೆಗಳು. ಅಂಗಡಿಯಿಲ್ಲ, ಕಾವಲುಗಾರನಿಲ್ಲ. ಬಂಡೆಯಿಂದ ಬಂಡೆಗೆ ಹಾರಬೇಕು. ತೋರುಬೆರಳಿನಲ್ಲಿ ಒತ್ತಲು ಹೋದರೆ ಫೋನು ಜಾರುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದಲೇ ಒತ್ತಿದೆ. ಪುಟ್ಟ ಮನುಷ್ಯ ನೀರಿಗೆ ಬಿದ್ದ. ಮತ್ತೆ ಹಾರಿಸಿದೆ, ಮತ್ತೆ ಬಿದ್ದ. ಸಿಟ್ಟು ಬಂತು. ಬೆರಳಿನ ನೆನಪೇ ಹೋಯಿತು.

ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ತಮ್ಮ ನಗತೊಡಗಿದ. "ಏನಕ್ಕಾ ಇದು, ಫೋನಲ್ಲಿ ಹಾಲು ಕರೀತಿದ್ದೀಯಾ?"

ನೋಡಿಕೊಂಡೆ. ನಮ್ಮ ಮನೆಯಲ್ಲಿ ಹಾಲು ಕರೆಯುವಾಗ ಹೆಬ್ಬೆರಳನ್ನು ಒಳಕ್ಕೆ ಮಡಚಿ, ಗೆಣ್ಣನ್ನು ಒತ್ತಿ ಎಳೆಯುವುದು ರೂಢಿ. ಚಿಕ್ಕಂದಿನಿಂದ ಕೈಗೆ ಹತ್ತಿದ್ದು. ಬಲಗೈ ಈಗ ಅದನ್ನೇ ಮಾಡಿತ್ತು. ಗುಂಡಿಯ ಮೇಲೆ ಗೆಣ್ಣಿತ್ತು, ಬೆರಳು ಮಡಚಿಕೊಂಡಿತ್ತು. ಕಂಡ ಕೂಡಲೇ ನೋವು ಬಂತು. ಸರಕ್ಕನೆ ನೆಟ್ಟಗೆ ಮಾಡಿಬಿಟ್ಟೆ.

"ಅಮ್ಮಾ, ಬಾ ಇಲ್ಲಿ, ಅಕ್ಕನ ಬೆರಳು ಬಾಗ್ತು!"

ಅಮ್ಮ ಹಿಟ್ಟಿನ ಕೈಯಲ್ಲೇ ಬಂದಳು. "ಎಲ್ಲಿ, ಇನ್ನೊಂದ್ಸಲ ಮಾಡು."

"ನೋಯುತ್ತಮ್ಮ."

"ಇವನಿಗೊಬ್ಬನಿಗೇ ತೋರಿಸ್ತೀಯೇನೇ? ನಾನೂ ನೋಡ್ಬೇಕು, ಮಾಡೇ."

ಫೋನನ್ನು ತಮ್ಮನ ಕೈಗೆ ಕೊಟ್ಟೆ. ಅವರಿಬ್ಬರೂ ನೋಡುತ್ತಿದ್ದಂತೆ, ಏನನ್ನೂ ಹಿಡಿಯದೆ, ನಿಧಾನವಾಗಿ ಬೆರಳು ಮಡಚಿದೆ. ಅರ್ಧದವರೆಗೆ ಬಂತು.