ತೊಳೆದಿಟ್ಟ ಗೇಮ್ ಮಷಿನ್

ಜಯನಗರದ ವಿಡಿಯೋ ಗೇಮ್ ಅಂಗಡಿಯಲ್ಲಿ ಬಾಲ್ಯದಲ್ಲಿ ಆಡುತ್ತಿದ್ದಂಥದೇ ಹಳೆಯ ಮಷಿನ್ ಕೊಪ್ಪಳದಲ್ಲಿ ಮಾರಾಟಕ್ಕಿದೆ ಎಂದು ತಿಳಿದು, ಅರೆಕೆರೆಯ ಗೆಳೆಯನ ಗೂಡ್ಸ್ ಗಾಡಿಯಲ್ಲಿ ಎಂಟು ಗಂಟೆ ಕುಲುಕಾಡಿಕೊಂಡು ಹೋದೆ. ಅಂಥದ್ದು ನನಗೆ ಇನ್ನೆಲ್ಲೂ ಸಿಕ್ಕಿರಲಿಲ್ಲ.

ಮಾರುವವರ ಮನೆಯಂಗಳದಲ್ಲಿ ಅದು ಫಳಫಳ ಹೊಳೆಯುತ್ತಿತ್ತು. ಪರದೆಯ ಮೇಲೆ ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ. ಬುಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ದಸರಾಕ್ಕ ಟ್ರ್ಯಾಕ್ಟರ್ ತೊಳಿತೀವಲ್ರೀ, ಹಂಗ ಪೈಪ್ ಹಿಡಿದು ಒಳಗ-ಹೊರಗ ತೊಳದೀನ್ರಿ," ಎಂದರು ಮಾರುವವರು, ಹೆಮ್ಮೆಯಿಂದ.

ನನ್ನ ಪಿತ್ತ ನೆತ್ತಿಗೇರಿತು. "ಒಳಗೆಲ್ಲಾ ವೈರು, ಬೋರ್ಡು! ಯಾರಾದ್ರೂ ನೀರು ಹಾಕ್ತಾರಾ?" ಎಂದು ರೇಗಿದೆ.

ಅವರು ಪೆಚ್ಚಾದರು. "ನೀವ ಫೋನ್‌ನಾಗ ಹೇಳಿದ್ರಲ್ರೀ ಸರ, ಮನಿಗೆ ಒಯ್ಯೋದು, ಚೊಲೋತ್ನಾಗಿ ಕ್ಲೀನ್ ಮಾಡಿಡ್ರಿ ಅಂತ."

ಹೌದು, ಹೇಳಿದ್ದೆ. ಅದೂ ಎರಡೆರಡು ಸಲ.